ಮೇ ಹಾಂಗ್ ಸೋನ್: ಬೆಟ್ಟದ ಗಡಿಸೀಮೆಗೆ ಹೊರಡುವವರಿಗೆ

ಥಾಯ್ಲೆಂಡಿಗೆ ಹೋಗಿ ಬಂದವರು ನಮ್ಮ ಗಂಗಾವತಿಯಲ್ಲಿ ಈಗ ಅಪರೂಪವೇನಲ್ಲ. ಅಕ್ಕಿ ಗಿರಣಿಯವರು, ಬೀಜ-ಗೊಬ್ಬರದ ಕಂಪನಿಗಳು ಕಳಿಸಿಕೊಟ್ಟ ಡೀಲರುಗಳು, ಬಳ್ಳಾರಿ ಕಡೆಯ ಜೀನ್ಸ್ ವ್ಯಾಪಾರಿಗಳು ನಾಲ್ಕು ರಾತ್ರಿಯ ಪ್ಯಾಕೇಜಿನಲ್ಲಿ ಬ್ಯಾಂಕಾಕ್ ಮತ್ತು ಪಟ್ಟಾಯ ಮುಗಿಸಿಕೊಂಡು ಬರುತ್ತಾರೆ. ಆ ದೇಶದ ವಾಯವ್ಯ ಮೂಲೆಯಲ್ಲಿ, ಮ್ಯಾನ್ಮಾರ್ ಗಡಿಗೆ ಒತ್ತಿಕೊಂಡು ಮೇ ಹಾಂಗ್ ಸೋನ್ ಎಂಬ ಪ್ರಾಂತ್ಯವೊಂದಿದೆ ಎಂಬುದು ಅವರಲ್ಲಿ ಹೆಚ್ಚಿನವರಿಗೆ ಗೊತ್ತಿರುವುದಿಲ್ಲ. ಹನ್ನೆರಡು ಸಾವಿರಕ್ಕೂ ಹೆಚ್ಚು ಚದರ ಕಿಲೋಮೀಟರ್ ವಿಸ್ತೀರ್ಣದ ಈ ಪ್ರಾಂತ್ಯದಲ್ಲಿ ಇರುವ ಜನ ಮೂರು ಲಕ್ಷಕ್ಕೂ ಕಡಿಮೆ; 2011ರ ಜನಗಣತಿಯಲ್ಲಿ ಬಳ್ಳಾರಿ ಪಟ್ಟಣವೊಂದರಲ್ಲೇ ನಾಲ್ಕು ಲಕ್ಷಕ್ಕೂ ಮೀರಿ ಜನರಿದ್ದರು. ಉಳಿದದ್ದೆಲ್ಲ ಕಾಡು, ಬೆಟ್ಟ, ಕಣಿವೆ ಮತ್ತು ಆ ಕಣಿವೆಗಳಲ್ಲಿ ಅಡಗಿರುವ ಹಳ್ಳಿಗಳು.

ಊರಿನ ಹೆಸರಿನ ಹಿಂದೆ ಆನೆಯ ಕಥೆಯಿದೆ. 1831ರಲ್ಲಿ ಉತ್ತರ ಥಾಯ್ಲೆಂಡಿನ ಚಿಯಾಂಗ್ ಮಾಯ್‌ನ ಅರಸು ಕಾಡಾನೆಗಳನ್ನು ಹಿಡಿಸಿ ತರಲು ಇಲ್ಲಿಗೆ ಜನರನ್ನು ಕಳಿಸಿದನೆಂದೂ, ಹಿಡಿದ ಆನೆಗಳನ್ನು ಹಳ್ಳವೊಂದರ ಪಕ್ಕದಲ್ಲಿ ಪಳಗಿಸಿದ್ದರಿಂದ ‘ಕಲಿಸುವ ಹಳ್ಳ’ ಎಂಬ ಅರ್ಥದ ಹೆಸರು ಬಂತೆಂದೂ ಅಲ್ಲಿಯವರು ಹೇಳುತ್ತಾರೆ. ಆನೆಗೊಂದಿಯನ್ನು ಮನೆಯಂಗಳದಲ್ಲಿ ಇಟ್ಟುಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ನಾನು ಎರಡು ಬಾರಿ ಹೋಗಿದ್ದೇನೆ. ಮೊದಲ ಸಲ ಮೂರು ದಿನಕ್ಕೆ ಹೋಗಿ ಎಲ್ಲವನ್ನೂ ನೋಡಲು ಹೊರಟು ಕೆಟ್ಟೆ. ಎರಡನೆಯ ಸಲ ಹೆಂಡತಿ ಮತ್ತು ಅತ್ತಿಗೆಯವರೊಂದಿಗೆ ಎಂಟು ದಿನಕ್ಕೆ ಹೋಗಿ, ಅರ್ಧದಷ್ಟೇ ಊರು ನೋಡಿ, ನೆಮ್ಮದಿಯಿಂದ ಬಂದೆ. ಇಲ್ಲಿರುವ ಸಲಹೆಗಳೆಲ್ಲ ಆ ಎರಡು ಪ್ರಯಾಣಗಳ ನಡುವಿನ ವ್ಯತ್ಯಾಸದಿಂದ ಹುಟ್ಟಿದವು.

ಯಾವಾಗ ಹೋಗಬೇಕು

ನವೆಂಬರ್‌ನಿಂದ ಜನವರಿ ಕೊನೆಯವರೆಗಿನ ಕಾಲವೇ ಸರಿಯಾದದ್ದು. ಮಳೆ ನಿಂತಿರುತ್ತದೆ, ಬೆಟ್ಟಗಳು ಇನ್ನೂ ಹಸಿರಾಗಿರುತ್ತವೆ, ಬೆಳಗಿನ ಮಂಜು ಒಂಬತ್ತು ಗಂಟೆಯಾದರೂ ಪಟ್ಟಣವನ್ನು ಬಿಟ್ಟು ಏಳುವುದಿಲ್ಲ. ನವೆಂಬರ್ ತಿಂಗಳಲ್ಲಿ ಖುನ್ ಯುವಾಮ್ ತಾಲ್ಲೂಕಿನ ಡೋಯ್ ಮೇ ಊ ಖೋ ಬೆಟ್ಟದ ಇಳಿಜಾರೆಲ್ಲ ಹಳದಿ ಹೂವಿನಿಂದ ತುಂಬಿರುತ್ತದೆ. ಅದನ್ನು ಕಾಡು ಸೂರ್ಯಕಾಂತಿ ಎಂದು ಕರೆಯುತ್ತಾರಾದರೂ ಕುಷ್ಟಗಿ, ಯಲಬುರ್ಗಾ ಕಡೆ ಎಣ್ಣೆಗಾಗಿ ಬಿತ್ತುವ ಸೂರ್ಯಕಾಂತಿಗೂ ಅದಕ್ಕೂ ಹೋಲಿಕೆ ಬಣ್ಣದಲ್ಲಿ ಮಾತ್ರ; ಇದು ಆಳೆತ್ತರದ ಪೊದೆ, ಹೂವು ಅಂಗೈಯಷ್ಟು, ಕಾಳು ತುಂಬಿ ತಲೆ ಬಾಗಿಸುವ ಗೋಜೇ ಇಲ್ಲ.

ಫೆಬ್ರುವರಿ ನಡುವಿನಿಂದ ಏಪ್ರಿಲ್‌ವರೆಗೆ ಹೋಗಲೇಬಾರದು. ಹೊಲದ ಕಸ ಸುಡುವುದು ಮತ್ತು ಕಾಡ್ಗಿಚ್ಚು ಎರಡೂ ಸೇರಿ ಕಣಿವೆಗಳಲ್ಲಿ ಹೊಗೆ ಕಟ್ಟಿ ನಿಲ್ಲುತ್ತದೆ. ಕಣ್ಣು ಉರಿಯುತ್ತದೆ, ಎದುರಿನ ಬೆಟ್ಟವೇ ಕಾಣಿಸುವುದಿಲ್ಲ, ಉಬ್ಬಸವಿರುವವರಿಗೆ ಅಪಾಯವೂ ಹೌದು. ಇದರಲ್ಲಿ ಒಂದೇ ಒಂದು ನಷ್ಟವೆಂದರೆ, ಇಲ್ಲಿನ ಕಣಿವೆಗಳಲ್ಲಿ ನೆಲೆಸಿರುವ ಶಾನ್ ಜನರ ‘ಪೊಯ್ ಸಾಂಗ್ ಲಾಂಗ್’ ಹಬ್ಬ ಮಾರ್ಚ್ ಕೊನೆ ಅಥವಾ ಏಪ್ರಿಲ್ ಮೊದಲಿನಲ್ಲೇ ಬೀಳುತ್ತದೆ. ಬಾಲಕರನ್ನು ರಾಜಕುಮಾರರಂತೆ ಸಿಂಗರಿಸಿ, ನೆಲಕ್ಕೆ ಕಾಲು ತಾಗಿಸದೆ ಹೆಗಲ ಮೇಲೆ ಹೊತ್ತು ಮೆರೆಸಿ, ಆಮೇಲೆ ತಲೆ ಬೋಳಿಸಿ ಸಾಮಣೇರ, ಅಂದರೆ ಎಳೆಯ ಭಿಕ್ಷುವಿನ ದೀಕ್ಷೆ ಕೊಡುವ ಈ ಹಬ್ಬವನ್ನು ನೋಡಲೇಬೇಕೆನ್ನುವವರು ಹೊಗೆಗೆ ಸಿದ್ಧರಾಗಿ ಹೋಗಬೇಕು. ಜೂನ್‌ನಿಂದ ಅಕ್ಟೋಬರ್‌ವರೆಗೆ ಮಳೆ, ಅಲ್ಲಲ್ಲಿ ರಸ್ತೆಯ ಮೇಲೆ ಮಣ್ಣು ಕುಸಿತ.

ಸ್ವೆಟರಿನ ಬಗ್ಗೆ ಒಂದು ಮಾತು. ಬಳ್ಳಾರಿ, ರಾಯಚೂರಿನ ಬಿಸಿಲಿನಲ್ಲಿ ಬೆಳೆದವರ ಪೆಟ್ಟಿಗೆಯಲ್ಲಿ ಆ ಪದಾರ್ಥ ಇರುವುದಿಲ್ಲ. ಡಿಸೆಂಬರ್ ಬೆಳಗ್ಗೆ ಪಾಂಗ್ ಉಂಗ್ ಕೆರೆಯ ದಂಡೆಯಲ್ಲಿ ಚಳಿ ಹತ್ತು ಡಿಗ್ರಿಗೂ ಕೆಳಗಿಳಿಯುತ್ತದೆ. ಮೊದಲ ಸಲ ನಾನು ಹೋಟೆಲಿನ ಹೊದಿಕೆ ಸುತ್ತಿಕೊಂಡು ಸೂರ್ಯೋದಯ ನೋಡಿದೆ. ಸುತ್ತಲಿದ್ದವರು ಸೂರ್ಯನಿಗಿಂತ ಹೆಚ್ಚಾಗಿ ನನ್ನನ್ನೇ ನೋಡಿದರು.

ತಲುಪುವ ಬಗೆ

ಕೊಪ್ಪಳ, ಹೊಸಪೇಟೆ, ಬಳ್ಳಾರಿಯವರಿಗೆ ಹಂಪಿ ಎಕ್ಸ್‌ಪ್ರೆಸ್ ಹಿಡಿದು ಬೆಂಗಳೂರಿಗೆ ಹೋಗಿ ಅಲ್ಲಿಂದ ವಿಮಾನ ಏರುವುದು ಸುಲಭ. ರಾಯಚೂರಿನವರಿಗೆ ಹೈದರಾಬಾದೇ ಹತ್ತಿರ, ಅಲ್ಲಿಂದಲೂ ಬ್ಯಾಂಕಾಕಿಗೆ ನೇರ ವಿಮಾನಗಳಿವೆ. ಬ್ಯಾಂಕಾಕಿನಲ್ಲಿ ಸುವರ್ಣಭೂಮಿ ಮತ್ತು ಡಾನ್ ಮುವಾಂಗ್ ಎಂದು ಎರಡು ವಿಮಾನ ನಿಲ್ದಾಣಗಳಿರುವುದರಿಂದ, ಮುಂದಿನ ವಿಮಾನದ ಟಿಕೆಟ್ ತೆಗೆಯುವಾಗ ಯಾವುದರಲ್ಲಿ ಇಳಿದು ಯಾವುದರಿಂದ ಏರುತ್ತೀರಿ ಎಂಬುದನ್ನು ಎರಡು ಸಲ ನೋಡಿಕೊಳ್ಳಿ. ಸಮಯವಿದ್ದವರು ಬ್ಯಾಂಕಾಕಿನಿಂದ ಚಿಯಾಂಗ್ ಮಾಯ್‌ಗೆ ರಾತ್ರಿ ರೈಲಿನಲ್ಲಿ ಹೋಗಬಹುದು. 751 ಕಿಲೋಮೀಟರ್ ದಾರಿ, ಮಲಗುವ ಬೋಗಿಗಳು ಸ್ವಚ್ಛವಾಗಿರುತ್ತವೆ, ದೂರದ ರೈಲುಗಳು 2023ರಿಂದ ಹೆಚ್ಚಾಗಿ ಕ್ರುಂಗ್ ಥೇಪ್ ಅಫಿವಾಟ್ ಎಂಬ ಹೊಸ ನಿಲ್ದಾಣದಿಂದ ಹೊರಡುತ್ತವೆ.

ಭಾರತೀಯರಿಗೆ ವೀಸಾ ವಿನಾಯಿತಿ 2023ರ ನವೆಂಬರ್‌ನಲ್ಲಿ ಆರಂಭವಾಯಿತು. ನಿಯಮಗಳು ಆಗಾಗ ಬದಲಾಗುವುದರಿಂದ ಟಿಕೆಟ್ ತೆಗೆಯುವ ಮುನ್ನ ರಾಯಭಾರ ಕಚೇರಿಯ ಪುಟವನ್ನೇ ನೋಡಬೇಕು. 2025ರ ಮೇ 1ರಿಂದ ಆನ್‌ಲೈನ್ ಆಗಮನ ಪತ್ರವೂ ಕಡ್ಡಾಯವಾಗಿದೆ. ತಲುಪುವ ದಿನಕ್ಕೆ ಮುಂಚಿನ ಮೂರು ದಿನಗಳೊಳಗೆ ಅದನ್ನು ತುಂಬಬಹುದು, ಅದಕ್ಕೆ ಶುಲ್ಕವಿಲ್ಲ. ಹಣ ಕೇಳುವ ಪುಟ ಕಂಡರೆ ಅದು ಸರ್ಕಾರದ್ದಲ್ಲ ಎಂದು ತಿಳಿಯಿರಿ. ಗಡಿಯಾಚೆ ಮ್ಯಾನ್ಮಾರ್ ಕಡೆಯ ಮ್ಯಾವಡ್ಡಿ ಪಟ್ಟಣದ ಆನ್‌ಲೈನ್ ಮೋಸದ ಕೇಂದ್ರಗಳಲ್ಲಿ ಸಿಕ್ಕಿಬಿದ್ದಿದ್ದ ಭಾರತೀಯ ಯುವಕರನ್ನು ನಮ್ಮ ಸರ್ಕಾರ 2025ರಲ್ಲಿ ವಿಮಾನ ಕಳಿಸಿ ಕರೆತಂದಿತ್ತು. ಹೀಗಾಗಿ ಗಡಿ ಪ್ರಾಂತ್ಯಕ್ಕೆ ಹೊರಟ ಒಂಟಿ ಯುವಕರನ್ನು ಅಧಿಕಾರಿಗಳು ನಾಲ್ಕು ಪ್ರಶ್ನೆ ಹೆಚ್ಚು ಕೇಳಿದರೆ ಬೇಸರಪಡಬಾರದು. ಮರಳುವ ಟಿಕೆಟ್ ಮತ್ತು ಉಳಿಯುವ ಹೋಟೆಲಿನ ಕಾಗದವನ್ನು ಮುದ್ರಿಸಿಕೊಂಡು ಕೈಯಲ್ಲಿಟ್ಟುಕೊಂಡರೆ ಸಾಕು.

ಚಿಯಾಂಗ್ ಮಾಯ್‌ನಿಂದ ಮುಂದಿನದೇ ನಿಜವಾದ ದಾರಿ. 1095ನೇ ರಸ್ತೆ ಪಾಯ್ ಎಂಬ ಚಿಕ್ಕ ಪಟ್ಟಣದ ಮೂಲಕ ಮೇ ಹಾಂಗ್ ಸೋನ್ ತಲುಪುತ್ತದೆ, 108ನೇ ರಸ್ತೆ ದಕ್ಷಿಣದ ಮೇ ಸರಿಯಾಂಗ್ ಮೂಲಕ ಮರಳುತ್ತದೆ. ಇವೆರಡೂ ಸೇರಿ ಸುಮಾರು 600 ಕಿಲೋಮೀಟರಿನ ಒಂದು ಸುತ್ತು. ಈ ದಾರಿಯಲ್ಲಿ 1,864 ತಿರುವುಗಳಿವೆ ಎಂದು ಎಣಿಸಿ, ಆ ಸಂಖ್ಯೆಯನ್ನು ಅಂಗಿಗಳ ಮೇಲೆಲ್ಲ ಅಚ್ಚು ಹಾಕಿ ಮಾರುತ್ತಾರೆ. ಅವುಗಳಲ್ಲಿ 762 ತಿರುವುಗಳು ಚಿಯಾಂಗ್ ಮಾಯ್ ಮತ್ತು ಪಾಯ್ ನಡುವಿನ ಮೂರು ಗಂಟೆಯ ದಾರಿಯಲ್ಲೇ ಇವೆ. ನಮ್ಮದು ಬಯಲುಸೀಮೆ, ರಾಯಚೂರಿನಿಂದ ಸಿಂಧನೂರಿಗೆ ಹೋಗುವಾಗ ಚಾಲಕ ಸ್ಟೇರಿಂಗ್ ತಿರುಗಿಸಿದ್ದು ನೆನಪಿಟ್ಟುಕೊಳ್ಳಬಹುದಾದಷ್ಟು ಕಡಿಮೆ. ಮೊದಲ ಸಲ ನಾನು ವ್ಯಾನಿನ ಕೊನೆಯ ಸಾಲಿನಲ್ಲಿ, ಹೊಟ್ಟೆ ತುಂಬ ತಿಂದು ಕುಳಿತವನು ಐವತ್ತನೆಯ ತಿರುವನ್ನೂ ಘನತೆಯಿಂದ ದಾಟಲಿಲ್ಲ. ಹೊರಡುವ ಅರ್ಧ ಗಂಟೆ ಮುಂಚೆ ವಾಂತಿ ತಡೆಯುವ ಮಾತ್ರೆ ನುಂಗಿ, ಬಾಳೆಹಣ್ಣೊಂದನ್ನು ಮಾತ್ರ ತಿಂದು, ಮುಂದಿನ ಸಾಲಿನಲ್ಲಿ ಕುಳಿತು, ಮೊಬೈಲ್ ನೋಡದೆ ರಸ್ತೆಯನ್ನೇ ನೋಡುತ್ತ ಹೋದರೆ ಈ ಗತಿ ಬರುವುದಿಲ್ಲ.

ಬೈಕ್ ಬಾಡಿಗೆ ಹಿಡಿದು ತಾವೇ ಓಡಿಸುವ ಆಸೆ ಹುಡುಗರಿಗೆ ಇರುತ್ತದೆ. ಅಲ್ಲಿಯೂ ನಮ್ಮಂತೆ ಎಡಬದಿಯ ಓಡಾಟ. ಆದರೆ ಬಳ್ಳಾರಿ ಅಥವಾ ಕೊಪ್ಪಳದ ಆರ್‌ಟಿಒ ಕಚೇರಿಯಿಂದ ದ್ವಿಚಕ್ರ ವಾಹನವನ್ನೂ ಒಳಗೊಂಡ ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಪಡೆಯದೆ ಓಡಿಸಿದರೆ ದಂಡವಷ್ಟೇ ಅಲ್ಲ, ಬಿದ್ದಾಗ ವಿಮೆಯೂ ಕೈಬಿಡುತ್ತದೆ. ಪಾಯ್ ಬೀದಿಗಳಲ್ಲಿ ಮೊಣಕಾಲಿಗೆ, ಮೊಣಕೈಗೆ ಬ್ಯಾಂಡೇಜು ಸುತ್ತಿಕೊಂಡು ಓಡಾಡುವ ವಿದೇಶಿಯರನ್ನು ಒಂದು ಸಂಜೆ ಎಣಿಸಿದರೆ ಬೇರೆ ಬೋಧನೆ ಬೇಕಾಗುವುದಿಲ್ಲ. ಕುಟುಂಬದೊಂದಿಗೆ ಹೋಗುವವರು ಚಿಯಾಂಗ್ ಮಾಯ್‌ನಲ್ಲೇ ಚಾಲಕನೊಂದಿಗೆ ಕಾರು ಗೊತ್ತು ಮಾಡಿಕೊಳ್ಳುವುದು ಲೇಸು.

ದಿನಗಳನ್ನು ಹಂಚುವಾಗ ಪಾಯ್‌ಗೆ ಒಂದು ರಾತ್ರಿ ಸಾಕು. ಪಾಂಗ್ ಮಾಫಾ ತಾಲ್ಲೂಕಿನಲ್ಲಿ ಎರಡು ರಾತ್ರಿ, ಮೇ ಹಾಂಗ್ ಸೋನ್ ಪಟ್ಟಣದಲ್ಲಿ ಮೂರು, ಮರಳುವಾಗ ಮೇ ಸರಿಯಾಂಗ್‌ನಲ್ಲಿ ಒಂದು ರಾತ್ರಿ ಇಟ್ಟುಕೊಂಡರೆ ದಾರಿ ಮತ್ತು ದೇಹ ಎರಡೂ ತಡೆದುಕೊಳ್ಳುತ್ತವೆ. ಪಾಂಗ್ ಮಾಫಾದ ಥಾಮ್ ಲಾಟ್ ಗುಹೆಯನ್ನು ಮಧ್ಯಾಹ್ನದ ಮೇಲೆ ನೋಡಿ. ಲಾಂಗ್ ನದಿ ಆ ಗುಹೆಯ ಹೊಟ್ಟೆಯೊಳಗೇ ಹರಿಯುತ್ತದೆ. ಲಾಟೀನು ಹಿಡಿದ ಸ್ಥಳೀಯ ಮಾರ್ಗದರ್ಶಿಯಿಲ್ಲದೆ ಒಳಗೆ ಬಿಡುವುದಿಲ್ಲ, ಬಿದಿರಿನ ತೆಪ್ಪದ ಮೇಲೆ ಹೋಗಬೇಕು. ತುಂಗಭದ್ರೆಯನ್ನು ಹರಿಗೋಲಿನಲ್ಲಿ ದಾಟಿದವರಿಗೆ ತೆಪ್ಪದ ಭಯವಿರುವುದಿಲ್ಲ, ಕತ್ತಲೆಯ ಭಯ ಮಾತ್ರ ಹೊಸದು. ಸಾವಿರ ವರ್ಷಕ್ಕೂ ಹಳೆಯ ಮರದ ಶವಪೆಟ್ಟಿಗೆಗಳು ಒಳಗಿವೆ. ಹೊತ್ತು ಮುಳುಗುವಾಗ ಬಾನಾಡಿಗಳು ಸಾವಿರ ಸಾವಿರ ಸಂಖ್ಯೆಯಲ್ಲಿ ಗುಹೆಯ ಬಾಯಿಗೆ ಮರಳುತ್ತವೆ.

ದೇವಾಲಯಗಳು

ಹಂಪಿಯ ಕಲ್ಲು ನೋಡಿ ಬೆಳೆದವರು ಇಲ್ಲಿನ ದೇವಾಲಯಗಳ ಮುಂದೆ ಮೊದಲಿಗೆ ಸ್ವಲ್ಪ ತಬ್ಬಿಬ್ಬಾಗುತ್ತಾರೆ, ಏಕೆಂದರೆ ಇಲ್ಲಿ ಕಲ್ಲೇ ಇಲ್ಲ. ತೇಗದ ಕಂಬಗಳು, ಒಂದರ ಮೇಲೊಂದು ಏರಿದ ಮಾಡುಗಳು, ಮಾಡಿನ ಅಂಚಿಗೆ ಲೇಸಿನಂತೆ ಕತ್ತರಿಸಿ ಹೊಡೆದ ತಗಡಿನ ಕುಸುರಿ: ಇದು ಬರ್ಮಾದ ಶಾನ್ ಶೈಲಿ. ಪಟ್ಟಣದ ನಡುವಿನ ಚಿಕ್ಕ ಕೆರೆಯ ದಂಡೆಯಲ್ಲಿ ವಾಟ್ ಚಾಂಗ್ ಖಾಮ್ ಮತ್ತು ವಾಟ್ ಚಾಂಗ್ ಕ್ಲಾಂಗ್ ಅಕ್ಕಪಕ್ಕದಲ್ಲಿ ನಿಂತಿವೆ. ಚಾಂಗ್ ಕ್ಲಾಂಗ್‌ನಲ್ಲಿ ಬರ್ಮಾದಿಂದ ತಂದ ಮರದ ಬೊಂಬೆಗಳಿವೆ. ವೆಸ್ಸಂತರ ಜಾತಕ ಎಂಬ ಬುದ್ಧನ ಪೂರ್ವಜನ್ಮದ ಕಥೆಯ ಪಾತ್ರಗಳು, ಹೆಂಡತಿ ಮಕ್ಕಳನ್ನೂ ದಾನ ಕೊಟ್ಟ ರಾಜಕುಮಾರನ ಕಥೆ. ನಮ್ಮ ಕಿನ್ನಾಳದ ಬೊಂಬೆಗಳು ಹೊಳೆಯುವ ಬಣ್ಣ ಬಳಿದುಕೊಂಡು ನೋಡುವವರತ್ತ ನೋಡುತ್ತವೆ. ಇವು ಕಪ್ಪಗೆ, ತಮ್ಮ ಸಂಕಟದಲ್ಲಿ ತಾವೇ ಮುಳುಗಿವೆ. ನನಗೆ ಅಲ್ಲಿಂದ ಏಳಲು ಅರ್ಧ ಗಂಟೆ ಹಿಡಿಯಿತು. ಗಾಜಿನ ಮೇಲೆ ಬರೆದ ಜಾತಕ ಚಿತ್ರಗಳೂ ಅಲ್ಲೇ ಇವೆ.

ಪಟ್ಟಣದ ನೆತ್ತಿಯ ಮೇಲಿನ ಡೋಯ್ ಕಾಂಗ್ ಮು ಬೆಟ್ಟದಲ್ಲಿ ಎರಡು ಬಿಳಿ ಸ್ತೂಪಗಳಿವೆ, ದೊಡ್ಡದು 1860ರದ್ದು, ಚಿಕ್ಕದು 1874ರದ್ದು. ಅಲ್ಲಿಗೆ ಬೆಳಗ್ಗೆ ಹೋದರೆ ಮಂಜಿನ ಮೇಲೆ ನಿಂತಂತಾಗುತ್ತದೆ, ಸಂಜೆ ಹೋದರೆ ಇಡೀ ಊರು ಕಾಣುತ್ತದೆ. ನನ್ನ ಆಯ್ಕೆ ಸಂಜೆ. ಇನ್ನು ಪಟ್ಟಣದ ಉತ್ತರಕ್ಕೆ ಭತ್ತದ ಗದ್ದೆಗಳ ಮೇಲೆ ಸುಮಾರು ಅರ್ಧ ಕಿಲೋಮೀಟರ್ ಉದ್ದಕ್ಕೆ ಹಾದುಹೋಗುವ ಸು ಟಾಂಗ್ ಪೇ ಎಂಬ ಬಿದಿರಿನ ಸೇತುವೆಯಿದೆ. ಭಿಕ್ಷುಗಳು ಬೆಳಗಿನ ಭಿಕ್ಷೆಗೆ ಹಳ್ಳಿಗೆ ಇಳಿದು ಬರಲೆಂದು ಊರವರೇ ಕಟ್ಟಿದ್ದು. ಎಡದಂಡೆ ಕಾಲುವೆಯ ನೀರಿನಲ್ಲಿ ಸೋನಾ ಮಸೂರಿ ಬೆಳೆಯುವ ನನ್ನ ಕಣ್ಣು ಸೇತುವೆಗಿಂತ ಗದ್ದೆಯ ಬದುವಿನ ಮೇಲೇ ಹರಿದಾಡಿತು: ಅಲ್ಲಿ ಗದ್ದೆಗಳು ಚಿಕ್ಕವು, ವರ್ಷಕ್ಕೆ ಒಂದೇ ಬೆಳೆ, ನವೆಂಬರ್ ನಡುವಿನಲ್ಲಿ ಕೊಯ್ಲು ಮುಗಿದಿರುತ್ತದೆ. ಹಸಿರು ಗದ್ದೆಯೇ ಬೇಕೆನ್ನುವವರು ಸೆಪ್ಟೆಂಬರ್ ಕೊನೆಗೆ ಹೋಗಿ ಮಳೆಯಲ್ಲಿ ನೆನೆಯಬೇಕು.

ನಡವಳಿಕೆಯ ವಿಷಯದಲ್ಲಿ ನಮಗೆ ಹೊಸದು ಕಡಿಮೆ. ಚಪ್ಪಲಿ ಹೊರಗೆ ಬಿಡುವುದು, ಹೆಗಲು ಮತ್ತು ಮೊಣಕಾಲು ಮುಚ್ಚುವ ಬಟ್ಟೆ ತೊಡುವುದು, ಸ್ತೂಪವನ್ನು ಬಲಕ್ಕಿಟ್ಟುಕೊಂಡು ಸುತ್ತುವುದು ನಮಗೆ ಹೇಳಿಕೊಡಬೇಕಾದ್ದಲ್ಲ. ಮರೆಯುವುದು ಎರಡು ಸಂಗತಿ: ಕುಳಿತಾಗ ಅಂಗಾಲು ಬುದ್ಧನ ಕಡೆಗಾಗಲೀ ಜನರ ಕಡೆಗಾಗಲೀ ಚಾಚಬಾರದು, ಹೆಂಗಸರು ಭಿಕ್ಷುವಿನ ಕೈಗೆ ಏನನ್ನೂ ನೇರವಾಗಿ ಕೊಡಬಾರದು, ಮುಂದೆ ಇಟ್ಟರೆ ಅವರು ತೆಗೆದುಕೊಳ್ಳುತ್ತಾರೆ. ಪಟ್ಟಣದಿಂದ ಹದಿನೇಳು ಕಿಲೋಮೀಟರ್ ದೂರದ ಥಾಮ್ ಪ್ಲಾ ಎಂಬ ಮೀನು ಗುಹೆಯಲ್ಲಿ ತೋಳುದ್ದದ ಮೀನುಗಳಿಗೆ ಜನ ಸೊಪ್ಪು ತರಕಾರಿ ಹಾಕುತ್ತಾರೆ, ಹಿಡಿಯುವುದಿಲ್ಲ. ಶೃಂಗೇರಿಯ ತುಂಗೆಯ ಮೀನುಗಳನ್ನು ನೋಡಿದವರಿಗೆ ಕಾರಣ ಕೇಳಬೇಕೆನಿಸುವುದಿಲ್ಲ.

ಬೆಟ್ಟದ ಹಳ್ಳಿಗಳು

ಕಣಿವೆಯ ಪಟ್ಟಣಗಳಲ್ಲಿರುವ ಶಾನ್ ಜನರನ್ನು ಬೆಟ್ಟದ ಬುಡಕಟ್ಟು ಎಂದು ಕರೆಯುವುದಿಲ್ಲ. ಎತ್ತರದ ಹಳ್ಳಿಗಳಲ್ಲಿ ಇರುವವರು ಕರೆನ್, ಲಾಹು, ಲಿಸು, ಮೋಂಗ್, ಲಾವಾ ಜನ. ಇವರಲ್ಲಿ ಕರೆನ್ನರೇ ಹೆಚ್ಚು. ಬಾನ್ ರಾಕ್ ಥಾಯ್ ಎಂಬ ಚಹಾ ತೋಟದ ಹಳ್ಳಿಯವರು ಇವರಾರೂ ಅಲ್ಲ, ಚೀನಾದ ಅಂತರ್ಯುದ್ಧದಲ್ಲಿ ಸೋತು ಯುನ್ನಾನ್‌ನಿಂದ ಇಳಿದು ಬಂದ ಕುಮಿಂಟಾಂಗ್ ಎಂಬ ರಾಷ್ಟ್ರೀಯವಾದಿ ಪಕ್ಷದ ಸೈನಿಕರ ಸಂತತಿ. ಎಲ್ಲವನ್ನೂ ಒಂದೇ ದಿನದಲ್ಲಿ ‘ಕವರ್’ ಮಾಡಿಸುತ್ತೇವೆ ಎನ್ನುವ ಪ್ರವಾಸ ಏಜೆಂಟರು ಬೇಕಾದಷ್ಟಿದ್ದಾರೆ. ಅಂಥವರ ಕೈಗೆ ಸಿಗಬೇಡಿ.

ಮೊದಲ ಸಲ ನಾನು ಸಿಕ್ಕಿದ್ದೆ. ಐದು ಹಳ್ಳಿ, ಒಂದೊಂದಕ್ಕೆ ನಲವತ್ತು ನಿಮಿಷ. ಮೂರನೆಯ ಹಳ್ಳಿಯಲ್ಲಿ ಮನೆಯ ಕೆಳಗೆ ಭತ್ತ ಕುಟ್ಟುತ್ತಿದ್ದ ಕರೆನ್ ಮುದುಕಿಯೊಬ್ಬಳತ್ತ ನಾನು ಫೋನು ಎತ್ತಿದೆ. ಆಕೆ ಒನಕೆಯನ್ನು ಬಿಡದೆ, ಎಡಗೈಯಿಂದ ತಲೆವಸ್ತ್ರದ ಅಂಚನ್ನು ಎಳೆದು ಮುಖದ ಅರ್ಧಕ್ಕೆ ತಂದುಕೊಂಡಳು. ಆ ಕೈಯನ್ನು ನಾನು ಬೇರೆಲ್ಲೋ ನೋಡಿದ್ದೆ. ನಮ್ಮೂರ ಪಕ್ಕದ ತಾಂಡಾದ ಲಂಬಾಣಿ ಅಜ್ಜಿಯೊಬ್ಬರು ಕಾಲುವೆಯಲ್ಲಿ ಬಟ್ಟೆ ಒಗೆಯುವಾಗ, ಹಂಪಿಯಿಂದ ಸೈಕಲ್ ಹೊಡೆದುಕೊಂಡು ಬಂದ ಪ್ರವಾಸಿಗರು ಕ್ಯಾಮೆರಾ ತೆಗೆದರೆ ಓಢಣಿಯನ್ನು ಇದೇ ರೀತಿ ಎಳೆದುಕೊಳ್ಳುತ್ತಾರೆ. ಅಂದು ಉಳಿದ ಎರಡು ಹಳ್ಳಿಗಳಲ್ಲಿ ನಾನು ವ್ಯಾನಿನಿಂದ ಇಳಿಯಲಿಲ್ಲ.

ಆದ್ದರಿಂದ ನನ್ನ ಸಲಹೆ: ಒಂದೇ ಹಳ್ಳಿ ಆರಿಸಿಕೊಂಡು ಅಲ್ಲಿ ಒಂದು ರಾತ್ರಿಯಾದರೂ ಉಳಿಯಿರಿ. ಪಾಂಗ್ ಮಾಫಾ ತಾಲ್ಲೂಕಿನಲ್ಲಿ ಮುವಾಂಗ್ ಪಾಮ್ ಎಂಬ ಕರೆನ್ ಹಳ್ಳಿಯೂ ಜಾ ಬೋ ಎಂಬ ಲಾಹು ಹಳ್ಳಿಯೂ ಇವೆ, ಎರಡರಲ್ಲೂ ಊರಿನವರೇ ನಡೆಸುವ ಹೋಂಸ್ಟೇಗಳಿವೆ. ಹಳ್ಳಿಯವರೊಬ್ಬರನ್ನೇ ಮಾರ್ಗದರ್ಶಿಯಾಗಿ ಕರೆದುಕೊಂಡರೆ ಹಣವೂ ಅಲ್ಲೇ ಉಳಿಯುತ್ತದೆ, ಯಾವ ಮನೆಗೆ ಹೋಗಬಹುದು, ಯಾವ ಮನೆಯಲ್ಲಿ ಸೂತಕವಿದೆ ಎಂಬುದೂ ತಿಳಿಯುತ್ತದೆ. ಮೆಟ್ಟಿಲ ಬುಡದಲ್ಲೇ ಚಪ್ಪಲಿ ಬಿಡಬೇಕು. ಒಲೆಯ ಸುತ್ತಲಿನ ಜಾಗವನ್ನು ಪವಿತ್ರವೆಂದು ಕಾಣುವ ಮನೆಗಳುಂಟು, ಆದ್ದರಿಂದ ತೋರಿಸಿದ ಕಡೆ ಕೂರಬೇಕು. ಊರ ಬಾಗಿಲು, ಕಟ್ಟಿದ ದಾರ, ಬಿದಿರಿನ ಜಾಲರಿ ಕಂಡರೆ ಮುಟ್ಟಬಾರದು. ಮಕ್ಕಳಿಗೆ ಚಾಕಲೇಟು, ಚಿಲ್ಲರೆ ಹಂಚಬಾರದು. ಹಂಪಿ ಬಜಾರದಲ್ಲಿ ‘ಪೆನ್, ಪೆನ್’ ಎಂದು ಬೆನ್ನು ಹತ್ತುವ ಮಕ್ಕಳನ್ನು ಆ ರೂಢಿಗೆ ಹಚ್ಚಿದ್ದು ಯಾರೆಂದು ನಮಗೆ ಗೊತ್ತಿದೆ.

ಕೊಳ್ಳುವುದಾದರೆ ಬಟ್ಟೆ ಕೊಳ್ಳಿ. ಕರೆನ್ ಹೆಂಗಸರ ಮಗ್ಗಕ್ಕೆ ಚೌಕಟ್ಟಿಲ್ಲ. ಹಾಸಿನ ಒಂದು ತುದಿಯನ್ನು ಕಂಬಕ್ಕೂ ಇನ್ನೊಂದು ತುದಿಯನ್ನು ತಮ್ಮ ಸೊಂಟದ ಪಟ್ಟಿಗೂ ಕಟ್ಟಿಕೊಂಡು, ಬೆನ್ನನ್ನು ಹಿಂದಕ್ಕೆ ಒತ್ತಿ ನೂಲನ್ನು ಬಿಗಿಮಾಡಿ ನೇಯುತ್ತಾರೆ. ಭಾಗ್ಯನಗರದ ಮಗ್ಗಗಳ ಸದ್ದು ಕೇಳಿದವರಿಗೆ ಈ ಮೌನವೇ ಬೆರಗು. ಮದುವೆಯಾಗದ ಹುಡುಗಿಯರು ಉದ್ದನೆಯ ಬಿಳಿ ಅಂಗಿ ತೊಡುತ್ತಾರೆ. ಮದುವೆಯಾದವರ ರವಿಕೆಗೆ ಒಂದು ಬಗೆಯ ಹುಲ್ಲಿನ ಬಿಳಿ ಬೀಜಗಳನ್ನು ಮಣಿಯಂತೆ ಹೊಲಿದಿರುತ್ತಾರೆ. ಒಂದು ಚೀಲ ನೇಯಲು ಎಷ್ಟು ದಿನ ಹಿಡಿಯಿತೆಂದು ಕೇಳಿ, ಆಮೇಲೆ ಚೌಕಾಸಿ ಮಾಡಬೇಕೆನಿಸಿದರೆ ಮಾಡಿ.

ಕುತ್ತಿಗೆಗೆ ಹಿತ್ತಾಳೆಯ ಸುರುಳಿ ತೊಡುವ ಕಯಾನ್ ಹೆಂಗಸರ ಬಗ್ಗೆ ಹೇಳದೆ ಬಿಡುವಂತಿಲ್ಲ, ಏಕೆಂದರೆ ಎಲ್ಲ ಜಾಹೀರಾತುಗಳಲ್ಲೂ ಅವರದೇ ಚಿತ್ರ. ಇವರು ಮ್ಯಾನ್ಮಾರ್‌ನ ಕಯಾ ಸೀಮೆಯಿಂದ, ಅಲ್ಲಿನ ಯುದ್ಧಕ್ಕೆ ಹೆದರಿ 1980ರ ದಶಕದ ಕೊನೆಯಿಂದೀಚೆಗೆ ಓಡಿ ಬಂದ ನಿರಾಶ್ರಿತರು. ಸುರುಳಿಯಿಂದ ಕುತ್ತಿಗೆ ಉದ್ದವಾಗುವುದಿಲ್ಲ. ಅದರ ಭಾರಕ್ಕೆ ಕೊರಳೆಲುಬು ಕೆಳಗೆ ಒತ್ತಿಕೊಂಡು ಹಾಗೆ ಕಾಣುತ್ತದೆ. ಪ್ರವೇಶ ಶುಲ್ಕ ಕೊಟ್ಟು ಒಳಹೋಗಿ, ಅಂಗಡಿಯಂತೆ ಜೋಡಿಸಿ ಕೂರಿಸಿದ ಮನುಷ್ಯರನ್ನು ನೋಡಿ ಬರುವ ಈ ಏರ್ಪಾಟನ್ನು ‘ಮನುಷ್ಯರ ಮೃಗಾಲಯ’ ಎಂದು 2008ರಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ವಿಭಾಗದವರೂ ಟೀಕಿಸಿದ್ದರು. ಇನ್ನೊಂದು ಕಡೆ, ಅವರಿಗೆ ಇದನ್ನು ಬಿಟ್ಟರೆ ಸಂಪಾದನೆಯ ದಾರಿಗಳು ಕಡಿಮೆ ಎಂಬುದೂ ನಿಜ. ಹೋಗಲೇಬೇಕೆಂದರೆ ಪಾಯ್ ನದಿಯ ಮೇಲೆ ದೋಣಿಯಲ್ಲಿ ತಲುಪುವ ಹುವಾಯ್ ಪು ಕೆಂಗ್ ಹಳ್ಳಿಗೆ ಹೋಗಿ, ಒಂದು ಹಗಲು ಪೂರ್ತಿ ಕುಳಿತು, ನೇಯುವುದನ್ನೋ ಹಿತ್ತಾಳೆ ಬಾಗಿಸುವುದನ್ನೋ ಅವರಿಂದ ಕಲಿತು, ಕಲಿಸಿದ್ದಕ್ಕೆ ಹಣ ಕೊಟ್ಟು ಬನ್ನಿ. ಅಷ್ಟು ಸಮಯವಿಲ್ಲದಿದ್ದರೆ ಹೋಗದಿರುವುದೇ ಒಳ್ಳೆಯದು.

ಊಟ

ಮಾಂಸ ತಿನ್ನದವರಿಗೆ ಥಾಯ್ಲೆಂಡಿನಲ್ಲಿ ನಿಜವಾದ ತೊಡಕು ಮೀನಿನ ರಸ. ತರಕಾರಿ ಪಲ್ಯಕ್ಕೂ ಅದನ್ನು ಉಪ್ಪಿನಂತೆ ಸುರಿಯುತ್ತಾರೆ. ‘ಕಿನ್ ಜೇ’ ಎಂದರೆ ಮೀನು, ಮೊಟ್ಟೆ, ಬೆಳ್ಳುಳ್ಳಿ ಎಲ್ಲವನ್ನೂ ಬಿಟ್ಟ ಊಟ; ಹಳದಿ ಬಾವುಟದ ಮೇಲೆ ಕೆಂಪು ಅಕ್ಷರವಿರುವ ಅಂಗಡಿಗಳಲ್ಲಿ ಅದು ಸಿಗುತ್ತದೆ. ಉಳಿದ ಕಡೆ ‘ಮಾಯ್ ಸಾಯ್ ನಾಮ್ ಪ್ಲಾ’, ಅಂದರೆ ಮೀನಿನ ರಸ ಹಾಕಬೇಡಿ ಎಂದು ಹೇಳಿ, ಥಾಯ್ ಲಿಪಿಯಲ್ಲಿ ಬರೆಸಿಕೊಂಡ ಚೀಟಿಯನ್ನೂ ತೋರಿಸಿ.

ಅತ್ತಿಗೆಯವರು ಎರಡು ದಿನ ಬಾಳೆಹಣ್ಣು ಮತ್ತು ಮನೆಯಿಂದ ತಂದ ಶೇಂಗಾ ಚಟ್ನಿ, ಖಡಕ್ ರೊಟ್ಟಿಯ ಮೇಲೆ ಕಳೆದರು. ಮೂರನೆಯ ಬೆಳಗ್ಗೆ ಮೇ ಹಾಂಗ್ ಸೋನ್ ಪಟ್ಟಣದ ಸಂತೆಯಲ್ಲಿ ಶಾನ್ ಹೆಂಗಸೊಬ್ಬಳು ಹಳದಿ ಗಟ್ಟಿಯೊಂದನ್ನು ಬೆರಳುದ್ದದ ತುಂಡು ಮಾಡಿ ಎಣ್ಣೆಗೆ ಬಿಡುತ್ತಿದ್ದಳು. ಅಲ್ಲಿಯವರು ಅದನ್ನು ‘ಥುವಾ ಪು’ ಎನ್ನುತ್ತಾರೆ. ಕಡಲೆ ಜಾತಿಯ ಬೇಳೆಯ ಹಿಟ್ಟನ್ನು ಅರಿಶಿನದೊಂದಿಗೆ ಕುದಿಸಿ, ತಟ್ಟೆಗೆ ಸುರಿದು ಆರಿಸಿ ಕತ್ತರಿಸಿದ್ದು. ಅತ್ತಿಗೆ ಒಂದು ತುಂಡು ಬಾಯಿಗಿಟ್ಟು, ‘ಇದು ನಮ್ಮ ಝುಣಕದ ವಡಿನಽ ಅಲ್ಲೇನಪಾ!’ ಎಂದರು. ಅಂದಿನಿಂದ ಬೆಳಗಿನ ಉಪಾಹಾರದ ಚಿಂತೆ ತೀರಿತು. ಅದರ ಜೊತೆಗೆ ಕೊಡುವ ಹುಳಿ ಚಟ್ನಿಯಲ್ಲಿ ಮೀನಿನ ರಸವಿದೆಯೇ ಎಂದು ಮಾತ್ರ ಕೇಳಿಕೊಳ್ಳಬೇಕು.

ಇನ್ನು ಕೆಲವು

ಹಳ್ಳಿಗಳಲ್ಲಿ ನಗದು ಹಣವೇ ನಡೆಯುತ್ತದೆ, ನಮ್ಮ ಫೋನ್‌ಪೇ ಅಭ್ಯಾಸವನ್ನು ಊರಲ್ಲೇ ಬಿಟ್ಟು ಹೋಗಬೇಕು. ವಿದೇಶಿ ಕಾರ್ಡಿಗೆ ಅಲ್ಲಿನ ಎಟಿಎಂ ಪ್ರತಿ ಬಾರಿಯೂ ಇನ್ನೂರಕ್ಕೂ ಹೆಚ್ಚು ಬಾತ್ ಶುಲ್ಕ ಹಿಡಿಯುವುದರಿಂದ ಚಿಯಾಂಗ್ ಮಾಯ್‌ನಲ್ಲೇ ಒಮ್ಮೆಗೇ ತೆಗೆದುಕೊಳ್ಳುವುದು ಜಾಣತನ. ನಮ್ಮ ಮೂರು ಗುಂಡುಕಡ್ಡಿಯ ಪ್ಲಗ್ಗು ಅಲ್ಲಿ ಕೂರುವುದಿಲ್ಲ. ರಸ್ತೆಯ ತಪಾಸಣಾ ಠಾಣೆಗಳಲ್ಲಿ ಕೇಳುತ್ತಾರಾದ್ದರಿಂದ ಪಾಸ್‌ಪೋರ್ಟ್ ಜೊತೆಗಿರಲಿ. ಪ್ರವಾಸಿ ಪೊಲೀಸರ ಸಂಖ್ಯೆ 1155, ಆಂಬುಲೆನ್ಸಿನದು 1669. ಗಡಿಯಾಚೆ 2021ರ ಸೈನಿಕ ದಂಗೆಯ ನಂತರ ಯುದ್ಧ ನಡೆದಿದೆ. ‘ಆ ಕಡೆ ಸ್ವಲ್ಪ ಕಾಲಿಟ್ಟು ಫೋಟೋ ತೆಗೆದುಕೊಂಡು ಬರೋಣ’ ಎಂಬ ಉತ್ಸಾಹಿಗಳು ಗುಂಪಿನಲ್ಲಿದ್ದರೆ ಅವರನ್ನು ಹಿಡಿದು ಕೂರಿಸಬೇಕು. ಮರಳುವ ವ್ಯಾನಿನ ಟಿಕೆಟನ್ನು ಪಟ್ಟಣ ತಲುಪಿದ ದಿನವೇ ತೆಗೆಯಿರಿ, ಮುಂದಿನ ಸಾಲಿನ ಆಸನಗಳು ಮೊದಲು ಹೋಗುತ್ತವೆ.